ಕಾದಂಬರಿಯಿಂದ ಚಿತ್ರಕಥೆಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಬರಹಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲೇ ಇದ್ದುಕೊಂಡು ಕಾದಂಬರಿಕಾರನೂ ಚಿತ್ರಕಥೆಗಾರನೂ ಆಗಲು ಸಾಧ್ಯವೇ?

ಸಾಧ್ಯ. ಬರೆಯಲು ಬೆಂಗಳೂರು ಬೇಕಿಲ್ಲ. ಬರೆದದ್ದನ್ನು ಮಾರಲು ಆಗಾಗ ಹೋಗಿ ಬರಬೇಕಾಗುತ್ತದೆ, ಅಷ್ಟೆ. ಕಣ್ಣೆದುರಿನ ಉದಾಹರಣೆ ಕುಂ. ವೀರಭದ್ರಪ್ಪನವರು. 1953ರಲ್ಲಿ ಕೊಟ್ಟೂರಿನಲ್ಲಿ ಹುಟ್ಟಿ, ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿ ದುಡಿಯುತ್ತಲೇ ಬರೆದವರು. 'ಅರಮನೆ'ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 'ಕೂರ್ಮಾವತಾರ' ಮಾಡಿದರು. ಕೊಟ್ಟೂರು ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರ ನಂತರ ವಿಜಯನಗರ ಜಿಲ್ಲೆಗೆ ಸೇರಿದೆ.

ಒಂದು ವಿಷಯ ಗಮನಿಸಿ. ತನ್ನ ಕಥೆ ಸಿನಿಮಾ ಆಗುವುದು ಬೇರೆ, ತಾನೇ ಚಿತ್ರಕಥೆ ಬರೆಯುವುದು ಬೇರೆ. ತೆರೆಯ ಮೇಲೆ 'ಕಥೆ', 'ಚಿತ್ರಕಥೆ', 'ಸಂಭಾಷಣೆ' ಎಂದು ಮೂರು ಹೆಸರು ಬೇರೆ ಬೇರೆಯಾಗಿ ಬರುತ್ತವೆ, ಮೂರಕ್ಕೂ ದುಡ್ಡು ಬೇರೆ. ನಮ್ಮ ಭಾಗದವರಿಗೆ ಹೆಚ್ಚಾಗಿ ಬರುವ ಮೊದಲ ಕೆಲಸ ಸಂಭಾಷಣೆಯದು. ಏಕೆಂಬುದು ಕೆಳಗೆ ಬರುತ್ತದೆ.

ಬರವಣಿಗೆ ನಂಬಿ ಕೆಲಸ ಬಿಡಬಹುದೇ?

ಮೊದಲ ಕಾದಂಬರಿಯ ಹೊತ್ತಿಗೆ ಬೇಡ. ಲೆಕ್ಕ ಹೀಗಿದೆ: ಕನ್ನಡದಲ್ಲಿ ಗೌರವಧನ ಸಾಮಾನ್ಯವಾಗಿ ಮುಖಬೆಲೆಯ ಶೇ. 10. ಪುಸ್ತಕದ ಬೆಲೆ ₹250, ಅಚ್ಚಾದದ್ದು 1000 ಪ್ರತಿ ಎಂದರೆ ಎಲ್ಲವೂ ಮಾರಾಟವಾದಾಗ ಕೈಗೆ ಬರುವುದು ₹25,000. ಅದೂ ಒಂದೆರಡು ವರ್ಷದಲ್ಲಿ, ಕಂತುಕಂತಾಗಿ. ಹಲವು ಪ್ರಕಾಶಕರು ಹಣದ ಬದಲು ಪ್ರತಿಗಳನ್ನೇ ಕೊಡುತ್ತಾರೆ. ಒಪ್ಪುವುದಾದರೆ ಎಷ್ಟು ಪ್ರತಿ, ಯಾವಾಗ ಎಂಬುದು ಬರಹದಲ್ಲಿರಲಿ. ಸಿನಿಮಾದ ದುಡ್ಡು ದೊಡ್ಡದು, ಆದರೆ ಯಾವ ತಿಂಗಳು ಬರುತ್ತದೆಂದು ಹೇಳಲಾಗದು. ಪ್ರಾರಂಭದಲ್ಲಿ ಮನೆಯ ಅಕ್ಕಿ-ಬೇಳೆ ಬೇರೆ ದುಡಿಮೆಯಿಂದಲೇ ಬರಬೇಕು.

ಸರ್ಕಾರಿ ನೌಕರಿಯಲ್ಲಿದ್ದೇನೆ, ಸಿನಿಮಾಕ್ಕೆ ಬರೆಯಬಹುದೇ?

ಹಣ ತರುವ ಹೊರಗಿನ ಕೆಲಸಕ್ಕೆ ನಡತೆ ನಿಯಮಗಳ ಕಟ್ಟುಪಾಡಿದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮೇಲಧಿಕಾರಿಯ ಮೂಲಕ ಲಿಖಿತ ಅನುಮತಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ. "ಹೆಂಡತಿ ಹೆಸರಲ್ಲಿ ಬರೀರಿ" ಎಂದು ಹೇಳುವವರ ಮಾತು ಕೇಳಬೇಡಿ. ಹಕ್ಕು ಅವರ ಹೆಸರಿಗೆ ಹೋಗುತ್ತದೆ, ತೆರೆಯ ಮೇಲಿನ ಹೆಸರೂ ಹೋಗುತ್ತದೆ, ಮುಂದೆ ತಕರಾರು ಬಂದಾಗ ಬರೆದವರು ನೀವೇ ಎಂದು ತೋರಿಸುವುದು ಕಷ್ಟವಾಗುತ್ತದೆ.

ಕಾದಂಬರಿ ಎಷ್ಟು ಉದ್ದವಿರಬೇಕು, ಎಷ್ಟು ದಿನ ಹಿಡಿಯುತ್ತದೆ?

ಡೆಮಿ ಅಷ್ಟದಳ ಎಂಬ, ಕಾದಂಬರಿಗಳ ಸಾಮಾನ್ಯ ಆಕಾರದಲ್ಲಿ ಒಂದು ಪುಟಕ್ಕೆ ಸುಮಾರು 200ರಿಂದ 220 ಪದ ಕೂರುತ್ತವೆ. 200 ಪುಟದ ಕಾದಂಬರಿ ಎಂದರೆ 40ರಿಂದ 44 ಸಾವಿರ ಪದ. ದಿನಕ್ಕೆ 400 ಪದ ಬರೆದರೆ ಮೊದಲ ಕರಡು ನೂರ ಹತ್ತು ದಿನದೊಳಗೆ ಮುಗಿಯಬೇಕು. ತಿದ್ದುವುದಕ್ಕೆ ಅಷ್ಟೇ ದಿನ ಎತ್ತಿಡಿ. ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಮಧ್ಯಾಹ್ನದ ಬರವಣಿಗೆ ಆಗದ ಮಾತು. ಬೆಳಗಿನ ಐದರಿಂದ ಏಳೂವರೆಯೇ ಒಳ್ಳೆಯ ಹೊತ್ತು.

'ನುಡಿ'ಯಲ್ಲಿ ಟೈಪ್ ಮಾಡಿದ್ದೆಲ್ಲ ಬೇರೆಯವರ ಕಂಪ್ಯೂಟರಿನಲ್ಲಿ ಚಿತ್ತಾಗಿ ಕಾಣುತ್ತದೆ, ಯಾಕೆ?

'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರವನ್ನು ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಚಿತ್ರ ಕಳಚಿ ಇಂಗ್ಲಿಷ್ ಅಕ್ಷರಗಳು ಹೊರಬೀಳುತ್ತವೆ. ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ, ಎಲ್ಲಿ ತೆರೆದರೂ ಕನ್ನಡವೇ. ಈಗಿನ ನುಡಿಯಲ್ಲಿ ಯೂನಿಕೋಡ್ ಇದೆ, ಹೊಸ ಬರಹವನ್ನು ಅದರಲ್ಲೇ ಶುರು ಮಾಡಿ.

ಹಳೆಯದನ್ನು ಪರಿವರ್ತಕಕ್ಕೆ ಹಾಕಿದ ಮೇಲೆ ಮೂರು ಕಡೆ ಕಣ್ಣಿಡಿ: ಅರ್ಕಾವತ್ತು ಹಿಂದಿನ ಅಕ್ಷರಕ್ಕೆ ಜಿಗಿದಿರುತ್ತದೆ, ಎರಡೆರಡು ಒತ್ತಕ್ಷರ ಇರುವ ಕಡೆ ಒಂದು ಬಿದ್ದುಹೋಗಿರುತ್ತದೆ, ದೀರ್ಘದ ಗುರುತು ಬೇರೆಯಾಗಿ ನಿಂತಿರುತ್ತದೆ. ಅಚ್ಚಿನ ಪುಟ ಕಟ್ಟುವವರು ಮತ್ತೆ ಹಳೆಯ ಫಾಂಟಿಗೆ ತಿರುಗಿಸಿದರೆ ಇದೇ ತಪ್ಪುಗಳು ಇನ್ನೊಮ್ಮೆ ಹುಟ್ಟುತ್ತವೆ. ಆದ್ದರಿಂದ ಕೊನೆಯ ಕರಡನ್ನು ಪರದೆಯ ಮೇಲೆ ನೋಡಿ ಬಿಡಬೇಡಿ, ಕಾಗದಕ್ಕಿಳಿಸಿ ಇನ್ನೊಬ್ಬರಿಂದ ಓದಿಸಿ. ಬರೆದವರ ಕಣ್ಣಿಗೆ ಬಿಟ್ಟುಹೋದ ಅಕ್ಷರವೂ ಇದ್ದಂತೆಯೇ ಕಾಣುತ್ತದೆ.

ಪ್ರಕಾಶಕರು ಸಿಗದಿದ್ದರೆ ನಾನೇ ಅಚ್ಚು ಹಾಕಿಸಬಹುದೇ?

ಹಾಕಿಸಬಹುದು. ಪುಟಗಳನ್ನು 16ರ ಗುಣಕದಲ್ಲಿ ಮುಗಿಸಿ, ಏಕೆಂದರೆ ಒಂದು ಫಾರಂ ಎಂದರೆ 16 ಪುಟ. 195 ಪುಟ ಇದ್ದರೂ 208ಕ್ಕೆ ದುಡ್ಡು ಕೊಡುತ್ತೀರಿ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೊ, ಹೊದಿಕೆಗೆ 300 ಜಿಎಸ್‌ಎಂ ಆರ್ಟ್ ಕಾರ್ಡ್ ಸಾಕು (ಜಿಎಸ್‌ಎಂ ಎಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ). ಬೆನ್ನಿಗೆ ಬರೀ ಅಂಟು ಹಚ್ಚಿದ ಪುಸ್ತಕ ನಮ್ಮ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು ಹೊಲಿಸಿ ಅಂಟಿಸಿದರೆ ಬಾಳಿಕೆ ಬರುತ್ತದೆ. ಮೊದಲು 300-500 ಪ್ರತಿ ಸಾಕು. ಅಂಗಡಿಯವರು, ವಿತರಕರು ಶೇ. 30ರಿಂದ 40 ರಿಯಾಯಿತಿ ಕೇಳುವುದರಿಂದ ಬೆಲೆ ಇಡುವಾಗಲೇ ಅದನ್ನು ಸೇರಿಸಿ.

ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ಇದಕ್ಕೆ ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ. 1954ರ ಕಾಯ್ದೆಯಂತೆ ಪುಸ್ತಕ ಹೊರಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ನಿಗದಿತ ಗ್ರಂಥಾಲಯಗಳಿಗೂ ಪ್ರಕಾಶಕರು ಒಂದೊಂದು ಪ್ರತಿ ಕಳಿಸಬೇಕು. ನೀವೇ ಪ್ರಕಾಶಕರಾದರೆ ಆ ಹೊಣೆ ನಿಮ್ಮದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೂ ಅರ್ಜಿ ಕರೆಯುವ ಪ್ರಕಟಣೆ ಬಂದಾಗ ಅರ್ಜಿ ಹಾಕಿ. ಪ್ರೋತ್ಸಾಹಧನಕ್ಕೆ ಕೇಳುವುದು ಹಸ್ತಪ್ರತಿಯನ್ನು. ಹಾಗಾಗಿ ಅಚ್ಚಿಗೆ ಕೊಡುವ ಮೊದಲೇ ಪ್ರಕಟಣೆ ಹುಡುಕಿ ನೋಡಿ.

ಕಾದಂಬರಿ ಬರೆಯಬಲ್ಲವರಿಗೆ ಚಿತ್ರಕಥೆ ಯಾಕೆ ಕೈಗೆ ಹತ್ತುವುದಿಲ್ಲ?

ಕಾದಂಬರಿಯಲ್ಲಿ 'ಅವಳಿಗೆ ಗೊತ್ತಿತ್ತು', 'ಅವನಿಗೆ ಅನ್ನಿಸಿತು' ಎಂದು ಬರೆದು ಮುಂದೆ ಹೋಗಬಹುದು. ಕ್ಯಾಮೆರಾಕ್ಕೆ ಗೊತ್ತಿರುವುದೂ ಅನ್ನಿಸುವುದೂ ಕಾಣುವುದಿಲ್ಲ. ಮಾಡುವುದು ಕಾಣುತ್ತದೆ, ಆಡುವುದು ಕೇಳುತ್ತದೆ. ಒಂದು ಮಾದರಿ ನೋಡಿ. ಕಾದಂಬರಿಯ ಸಾಲು ಹೀಗಿದೆ ಎಂದುಕೊಳ್ಳಿ:

ಕೊನೆ ಭಾಗದ ಹೊಲಕ್ಕೆ ಈ ಸಲವೂ ನೀರು ಮುಟ್ಟುವುದಿಲ್ಲ ಎಂಬುದು ಹುಲಿಗೆವ್ವನಿಗೆ ಗೊತ್ತಿತ್ತು. ಆದರೂ ಸಸಿ ಮಡಿ ಹಾಕಿದ್ದಳು. ಗಂಡ ಇದ್ದಾಗಿನ ರೂಢಿ ಅದು. ಬಿಟ್ಟರೆ ಅವನನ್ನೂ ಬಿಟ್ಟುಕೊಟ್ಟ ಹಾಗೆ ಅನ್ನಿಸುತ್ತಿತ್ತು.

ಇದನ್ನೇ ದೃಶ್ಯ ಮಾಡಿದರೆ:

ದೃಶ್ಯ 14. ಹೊರಾಂಗಣ. ಎಡದಂಡೆ ಕಾಲುವೆಯ ಕೊನೆ ಭಾಗ. ನಸುಕು.
ಒಣಗಿದ ಕಾಲುವೆ. ಪಕ್ಕದ ಮಡಿಗೆ ಹುಲಿಗೆವ್ವ ಕೊಡದಿಂದ ತಂಬಿಗೆ ತುಂಬಿ ತುಂಬಿ ನೀರು ಚಿಮುಕಿಸುತ್ತಿದ್ದಾಳೆ. ಬದುವಿನ ಮೇಲೆ ಗಂಡಸಿನ ಹಳೆಯ ಟವೆಲ್, ಮಡಚಿ ಇಟ್ಟದ್ದು. ಕಾಲುವೆ ಗ್ಯಾಂಗ್‌ಮನ್ ಸೈಕಲ್ ನಿಲ್ಲಿಸುತ್ತಾನೆ.
ಗ್ಯಾಂಗ್‌ಮನ್: ಯವ್ವಾ, ಈ ಸಲನೂ ನೀರು ಇಲ್ಲಿತನಕ ಬರಂಗಿಲ್ಲ.
ಹುಲಿಗೆವ್ವ: ಗೊತ್ತೈತಿ.
ಗ್ಯಾಂಗ್‌ಮನ್: ಮತ್ಯಾಕ ಹಾಕೀಯಬೇ?
ಹುಲಿಗೆವ್ವ ಟವೆಲ್ ಎತ್ತಿ, ಕೊಡವಿ, ಹೆಗಲಿಗೆ ಹಾಕಿಕೊಂಡು ಮತ್ತೆ ತಂಬಿಗೆ ಅದ್ದುತ್ತಾಳೆ.

'ಗಂಡನ ನೆನಪು' ಎಂಬ ಮಾತು ಎಲ್ಲೂ ಇಲ್ಲ, ಆ ಕೆಲಸವನ್ನು ಟವೆಲ್ ಮಾಡಿತು. ಹೊಸಬರು ಇಲ್ಲಿ ಮಾಡುವ ತಪ್ಪು, ಹುಲಿಗೆವ್ವನ ಬಾಯಲ್ಲಿ "ನನ್ನ ಗಂಡ ಇದ್ದಾಗ…" ಎಂದು ಇಡೀ ಪ್ಯಾರಾ ಆಡಿಸುವುದು. ಇನ್ನೊಂದು ತಪ್ಪು, ಅದನ್ನು ಹಿನ್ನೆಲೆ ದನಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದು. ಕಾದಂಬರಿಯ ಪ್ರತಿ ಅಧ್ಯಾಯದಲ್ಲೂ ಅನ್ನಿಸಿಕೆಯ ಸಾಲುಗಳಿಗೆ ಗೆರೆ ಎಳೆದು, ಒಂದೊಂದಕ್ಕೂ ಒಂದು ವಸ್ತುವೋ ಒಂದು ಕೆಲಸವೋ ಸಿಗುತ್ತದೆಯೇ ಎಂದು ಹುಡುಕಿ. ಸಿಗದ ಸಾಲನ್ನು ಪುಸ್ತಕದಲ್ಲೇ ಇರಲು ಬಿಡಿ.

ಚಿತ್ರಕಥೆಯನ್ನು ಯಾವ ಕ್ರಮದಲ್ಲಿ ಬರೆಯಬೇಕು?

ಬೆಂಗಳೂರಿನಲ್ಲಿ ಕನ್ನಡ ಚಿತ್ರೋದ್ಯಮದ ಕೇಂದ್ರವಾದ ಗಾಂಧಿನಗರದ ರೂಢಿಯಲ್ಲಿ ಮೊದಲು 'ಎಳೆ'. ಯಾರ ಕಥೆ, ಅವರಿಗೇನು ಬೇಕು, ಏನು ಅಡ್ಡ ಬರುತ್ತದೆ ಎಂಬುದು ಎರಡು ಮೂರು ಸಾಲಿನಲ್ಲಿ. ಆಮೇಲೆ ನಾಲ್ಕೈದು ಪುಟದ ಕಥಾಸಾರ, ಅದರಲ್ಲಿ ಕೊನೆಯೂ ಇರಬೇಕು. ಕೊನೆಯನ್ನು ಮುಚ್ಚಿಟ್ಟರೆ ನಿರ್ಮಾಪಕರು ಮುಂದಿನ ಪುಟವನ್ನೇ ಕೇಳುವುದಿಲ್ಲ. ಮೂರನೆಯದು 'ಸೀನ್ ಆರ್ಡರ್'. ಎರಡು ಗಂಟೆಯ ಚಿತ್ರಕ್ಕೆ 60ರಿಂದ 80 ದೃಶ್ಯ, ಒಂದೊಂದಕ್ಕೂ ಒಂದು ಸಾಲು. ಇದನ್ನು ಚೀಟಿಗಳಲ್ಲಿ ಬರೆದು ನೆಲದ ಮೇಲೆ ಹರಡಿ. ಚೀಟಿ ತೆಗೆದರೂ ಕಥೆ ಕೆಡದಿದ್ದರೆ ಆ ದೃಶ್ಯ ಬೇಡ. ನಾಲ್ಕನೆಯದು ಪೂರ್ಣ ಚಿತ್ರಕಥೆ, ಕೊನೆಗೆ ಸಂಭಾಷಣೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕ ಇಂಗ್ಲಿಷ್ ಅಕ್ಷರದ ಅಳತೆಗೆ ಹುಟ್ಟಿದ್ದು, ಕನ್ನಡಕ್ಕೆ ನೇರವಾಗಿ ಕೂಡುವುದಿಲ್ಲ. ನಾಲ್ಕೈದು ದೃಶ್ಯಗಳನ್ನು ಗಟ್ಟಿಯಾಗಿ ಓದಿ, ನಡೆದಾಡುವ ಹೊತ್ತನ್ನೂ ಸೇರಿಸಿ ಮೊಬೈಲ್ ಗಡಿಯಾರದಲ್ಲಿ ಅಳೆಯಿರಿ. ನಿಮ್ಮ ಪುಟಕ್ಕೆ ಎಷ್ಟು ಸೆಕೆಂಡು ಎಂಬುದು ಗೊತ್ತಾಗುತ್ತದೆ.

ನಮ್ಮ ಕಡೆಯ ಭಾಷೆಯಲ್ಲಿ ಸಂಭಾಷಣೆ ಬರೆದರೆ ಬೇರೆ ಜಿಲ್ಲೆಯವರಿಗೆ ಅರ್ಥವಾಗುತ್ತದೆಯೇ?

ಆಗುತ್ತದೆ. ಅದೇ ನಿಮ್ಮ ಬಂಡವಾಳ ಕೂಡ. ದೃಶ್ಯ ಜೋಡಿಸುವವರು ಬೆಂಗಳೂರಿನಲ್ಲಿ ಸಾಕಷ್ಟು ಜನ ಇದ್ದಾರೆ, ಸಿಂಧನೂರಿನ ಬಾಯಿ ಅವರ ಹತ್ತಿರ ಇಲ್ಲ. ಆದರೆ 'ಉತ್ತರ ಕರ್ನಾಟಕದ ಭಾಷೆ' ಎಂಬ ಒಂದೇ ಭಾಷೆ ಇಲ್ಲವೆಂಬುದನ್ನು ಮೊದಲು ನೀವು ಒಪ್ಪಿ, ಆಮೇಲೆ ನಿರ್ದೇಶಕರಿಗೆ ಒಪ್ಪಿಸಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವು, ದವಾಖಾನಿ, ಜಲ್ದಿ ಎಂಬಂಥ ಉರ್ದು ಮಾತು ಅಲ್ಲಿ ಹಾಸುಹೊಕ್ಕು. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು, ತೆಲುಗಿನ ನಂಟು ಗಾಢ. ತುಂಗಭದ್ರಾ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಸುತ್ತ ಆಂಧ್ರದಿಂದ ಬಂದವರ ಕ್ಯಾಂಪುಗಳು ಎದ್ದವು, ಕ್ಯಾಂಪಿನವರ ಕನ್ನಡದ ಏರಿಳಿತವೇ ಬೇರೆ. ಒಂದೇ ಸಿನಿಮಾದಲ್ಲಿ ಕ್ಯಾಂಪಿನ ಯಜಮಾನ, ಮೂಲ ಊರಿನ ಕೂಲಿ, ಬಳ್ಳಾರಿಯಿಂದ ಬಂದ ಅಧಿಕಾರಿ ಮೂವರೂ "ಏನ್ ಮಾಡಾಕತ್ತೀರಿ" ಎಂದರೆ ಸ್ಥಳದವರು ತಕ್ಷಣ ಹಿಡಿಯುತ್ತಾರೆ.

ಕಿವಿಗೆ ದಕ್ಕುವಂತೆ ಬರೆಯಲು ಒಂದು ದಾರಿ: ವಾಕ್ಯದ ಕೊನೆ ಮತ್ತು ಕ್ರಿಯಾಪದಕ್ಕೆ ಊರಿನ ರೂಪ ಕೊಡಿ, ಕಥೆ ತಿಳಿಯಲು ಬೇಕೇ ಬೇಕಾದ ನಾಮಪದವನ್ನು ಎಲ್ಲರೂ ಬಲ್ಲ ಪದದಲ್ಲಿಡಿ. ಅಪರೂಪದ ಪದ ಬರುವ ಕಡೆ ಆ ವಸ್ತುವೇ ಪಾತ್ರದ ಕೈಯಲ್ಲಿದ್ದರೆ ಅರ್ಥ ಹೇಳಬೇಕಿಲ್ಲ.

ಚಿತ್ರೀಕರಣದ ಹೊತ್ತಿಗೆ ಕೆಡುವುದು ಹೆಚ್ಚು. ಹೊರಗಿನ ನಟರು ಪ್ರತಿ ಮಾತಿನ ಕೊನೆಯನ್ನೂ ಎಳೆದು ರಾಗ ಮಾಡುತ್ತಾರೆ, ಆಡುವವರನ್ನು ಅಣಕಿಸಿದ ಹಾಗಾಗುತ್ತದೆ. ತಡೆಯಲು, ಪ್ರತಿ ಪಾತ್ರದ ಮಾತನ್ನೂ ಅದೇ ವಯಸ್ಸಿನ, ಅದೇ ಕಸುಬಿನ ಊರಿನವರಿಂದ ಓದಿಸಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ, ದೃಶ್ಯದ ಸಂಖ್ಯೆ ಹಾಕಿ ಕೊಡಿ. ಎರಡು ಸಲ: ಒಮ್ಮೆ ನಿಧಾನವಾಗಿ, ಒಮ್ಮೆ ಸಹಜ ವೇಗದಲ್ಲಿ. ಡಬ್ಬಿಂಗ್ ದಿನಗಳಲ್ಲಿ ನೀವು ಕೋಣೆಯಲ್ಲಿರಬೇಕು ಎಂಬುದನ್ನು, ಅದರ ಪ್ರಯಾಣ ಮತ್ತು ವಸತಿ ಖರ್ಚು ಸಮೇತ, ಒಪ್ಪಂದದಲ್ಲೇ ಬರೆಸಿ.

ಕಥೆ ಹೇಳಿದರೆ ಕದ್ದುಬಿಡುತ್ತಾರೆ ಎಂಬ ಭಯ. ಏನು ಮಾಡಲಿ?

ಬರೆದ ಕ್ಷಣದಿಂದಲೇ ಕೃತಿಸ್ವಾಮ್ಯ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೆ ಕಾನೂನು ಕಾಯುವುದು ಬರಹವನ್ನು, ಬರೀ ಯೋಚನೆಯನ್ನಲ್ಲ. ಆರ್.ಜಿ. ಆನಂದ್ ಮತ್ತು ಡಿಲಕ್ಸ್ ಫಿಲ್ಮ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಸ್ಪಷ್ಟಪಡಿಸಿತು. 'ಗಣಿ ಧೂಳಿನಲ್ಲಿ ಬೆಳೆ ಕಳೆದುಕೊಂಡ ರೈತನ ಕಥೆ' ಎಂಬ ವಸ್ತು ಯಾರ ಸ್ವತ್ತೂ ಅಲ್ಲ. ನಿಮ್ಮ ಪಾತ್ರಗಳು, ಘಟನೆಗಳ ಜೋಡಣೆ, ಮಾತು ನಿಮ್ಮವು. ಹಾಗಾಗಿ ಬರೀ ಎಳೆ ಹಿಡಿದು ಊರೆಲ್ಲ ಹೇಳಿಕೊಂಡು ತಿರುಗಬೇಡಿ, ಬರೆದು ಮುಗಿಸಿ ಹೋಗಿ.

ಪುರಾವೆಗಾಗಿ ದೆಹಲಿಯ ಕಾಪಿರೈಟ್ ಕಚೇರಿಯಲ್ಲಿ ಆನ್‌ಲೈನ್ ಮೂಲಕವೇ ನೋಂದಾಯಿಸಬಹುದು. ಸಾಹಿತ್ಯ ಕೃತಿಗೆ ಶುಲ್ಕ ₹500. ನಮೂನೆ 14 ತುಂಬಿ, ಹಣ ಕಟ್ಟಿದರೆ ಅರ್ಜಿಯ ಗುರುತಾಗಿ ಡೈರಿ ಸಂಖ್ಯೆ ಸಿಗುತ್ತದೆ. ಅಲ್ಲಿಂದ 30 ದಿನ ಆಕ್ಷೇಪಣೆಗೆ ಕಾಯುತ್ತಾರೆ, ಆಮೇಲೆ ಪರಿಶೀಲನೆ. ಪುಸ್ತಕವನ್ನು ಬೇರೆಯವರು ಪ್ರಕಟಿಸಿದ್ದರೆ ಅವರ ನಿರಾಕ್ಷೇಪಣಾ ಪತ್ರ ಲಗತ್ತಿಸಬೇಕು, ಅರ್ಜಿಗಳು ಇಲ್ಲಿಯೇ ಸಿಕ್ಕಿಬೀಳುವುದುಂಟು. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಚಿತ್ರಕಥೆಯನ್ನು ಅಲ್ಲಿಯೂ ಆನ್‌ಲೈನಿನಲ್ಲಿ ನೋಂದಾಯಿಸಬಹುದು. ತನಗೆ ತಾನೇ ಅಂಚೆಯಲ್ಲಿ ಕಳಿಸಿಕೊಂಡು ಲಕೋಟೆ ಒಡೆಯದೆ ಇಡುವ ಹಳೆಯ ಉಪಾಯಕ್ಕೆ ಇಷ್ಟು ಬಲವಿಲ್ಲ. ಯಾರಿಗೆ ಕಥೆ ಹೇಳಿದರೂ ಅದೇ ದಿನ ಸಂಜೆ "ಇಂದು ಇಂಥ ಕಥೆಯನ್ನು ತಮಗೆ ಹೇಳಿದೆ, ಸಾರ ಲಗತ್ತಿಸಿದೆ" ಎಂದು ಒಂದು ಇಮೇಲ್ ಹಾಕಿ. ತಾರೀಕು ಸಮೇತ ದಾಖಲೆ ಉಳಿಯುತ್ತದೆ.

ನಿರ್ಮಾಪಕರು ಕಾದಂಬರಿಯ ಹಕ್ಕು ಕೇಳಿದ್ದಾರೆ. ಒಪ್ಪಂದದಲ್ಲಿ ಏನಿರಬೇಕು?

ಇಲ್ಲಿ ಅವಸರ ಬೇಡವೇ ಬೇಡ. ಶಾಲು ಹೊದಿಸಿ, ಹತ್ತು ಸಾವಿರ ಕೈಗಿಟ್ಟು, "ಮುಂದೆ ನೋಡ್ಕೊಳ್ಳೋಣ ಸರ್" ಎಂದು ಹಾಳೆಗೆ ಸಹಿ ಮಾಡಿಸಿಕೊಂಡು ಹೋದರೆ ಕಾದಂಬರಿ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ.

ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತ ಎಂದೂ ಅರ್ಥ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದ ಬೇರೆ ಹೇಳದ ಹೊರತು, ಹಕ್ಕು ಮರಳಿ ನಿಮಗೆ. ಈ 'ಒಪ್ಪಂದ ಬೇರೆ ಹೇಳದ ಹೊರತು' ಎಂಬುದನ್ನು ಹಿಡಿದೇ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಎಂದು ಬರೆಸಿ ತರುತ್ತಾರೆ. ಆ ಎರಡು ಪದ ಕಂಡರೆ ಪೆನ್ನು ಕೆಳಗಿಡಿ.

ನಾವು ಹೇಳುವ ಕ್ರಮ ಇದು. ಮೊದಲು 12ರಿಂದ 18 ತಿಂಗಳ ಕಾಯ್ದಿರಿಸುವಿಕೆ (ಅಷ್ಟರಲ್ಲಿ ಹಕ್ಕನ್ನು ಬೇರೆಯವರಿಗೆ ಕೊಡುವುದಿಲ್ಲ ಎಂಬ ಮಾತು), ಅದಕ್ಕೆ ಒಟ್ಟು ಮೊತ್ತದ ಶೇ. 10 ಮುಂಗಡ, ಅವಧಿ ಮುಗಿದರೆ ಮುಂಗಡ ನಿಮ್ಮದು, ಹಕ್ಕೂ ನಿಮ್ಮದು. ಸಿನಿಮಾ ಶುರುವಾದರೆ ಉಳಿದ ಹಣ ಚಿತ್ರೀಕರಣದ ಮೊದಲ ದಿನದೊಳಗೆ. ಚಿತ್ರಕಥೆ, ಸಂಭಾಷಣೆಯೂ ನಿಮ್ಮದಾದರೆ ಆ ಹಣ ನಾಲ್ಕು ಕಂತು: ಸಹಿಗೆ, ಮೊದಲ ಕರಡಿಗೆ, ಕೊನೆಯ ಕರಡಿಗೆ, ಡಬ್ಬಿಂಗ್‌ಗೆ ಮೊದಲು. 'ಬಿಡುಗಡೆಯಾದ ಮೇಲೆ' ಎಂಬ ಕಂತು ಬೇಡ. ಎಷ್ಟೋ ಸಿನಿಮಾ ಬಿಡುಗಡೆಯನ್ನೇ ಕಾಣುವುದಿಲ್ಲ. ಎಷ್ಟು ಸಲ ತಿದ್ದಿಕೊಡಬೇಕು ಎಂಬುದೂ ಇರಲಿ, ಎರಡು ಸಲ ನ್ಯಾಯ. ತೆರೆಯ ಮೇಲೆ ಮತ್ತು ಪೋಸ್ಟರಿನಲ್ಲಿ ಹೆಸರು ಹೇಗೆ ಬರಬೇಕೆಂದು ಅಕ್ಷರಶಃ ಬರೆಸಿ. ಒಂದು ಸಿನಿಮಾ, ಒಂದು ಭಾಷೆ ಎಂದು ನಮೂದಿಸಿ. ರಿಮೇಕ್, ವೆಬ್ ಸರಣಿ, ಮುಂದಿನ ಭಾಗ, ನಾಟಕ ಇವೆಲ್ಲ ಬೇರೆ ಹಕ್ಕುಗಳು, ಬೇರೆ ದರ.

2012ರ ತಿದ್ದುಪಡಿಯ ನಂತರ, ಸಿನಿಮಾದಲ್ಲಿ ಸೇರಿದ ಸಾಹಿತ್ಯ ಕೃತಿಯ ಲೇಖಕರು ಚಿತ್ರಮಂದಿರದಾಚೆಯ ಬಳಕೆಯಿಂದ ಬರುವ ಗೌರವಧನದ ಸಮಪಾಲಿನ ಹಕ್ಕನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಒಪ್ಪಂದ ಇ-ಸ್ಟಾಂಪ್ ಕಾಗದದ ಮೇಲಿರಲಿ. ಪ್ರತಿ ಪುಟಕ್ಕೂ ಎರಡೂ ಕಡೆಯ ಸಹಿ, ಒಂದು ಮೂಲಪ್ರತಿ ನಿಮ್ಮ ಹತ್ತಿರ. ಒಪ್ಪಂದ ಇಂಗ್ಲಿಷಿನಲ್ಲಿದ್ದರೆ ವಕೀಲರಿಂದ ಕನ್ನಡದಲ್ಲಿ ಓದಿಸಿ ಕೇಳದೆ ಸಹಿ ಬೇಡ.

ಪ್ರಕಾಶಕರಿಗೂ ಸಿನಿಮಾ ಹಣದಲ್ಲಿ ಪಾಲು ಇದೆಯೇ?

ಪುಸ್ತಕದ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ. 'ಎಲ್ಲ ಹಕ್ಕುಗಳು ಪ್ರಕಾಶಕರವು' ಎಂಬ ಸಾಲಿಗೆ ಸಹಿ ಹಾಕಿದ್ದೀರಾ ನೋಡಿ. ಮುಂದಿನ ಪುಸ್ತಕಕ್ಕೆ 'ಕನ್ನಡ ಮುದ್ರಣದ ಹಕ್ಕು, ಇಷ್ಟು ವರ್ಷ' ಎಂದಷ್ಟೇ ಕೊಡಿ.

ತಂದೆಯವರ ಹಳೆಯ ಕಾದಂಬರಿಯನ್ನು ಸಿನಿಮಾಕ್ಕೆ ಕೇಳುತ್ತಿದ್ದಾರೆ. ಹಕ್ಕು ಯಾರದು?

ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ವಾರಸುದಾರರದು. 1990ರಲ್ಲಿ ತೀರಿಕೊಂಡಿದ್ದರೆ 2050ರ ಡಿಸೆಂಬರ್ ಕೊನೆಯವರೆಗೆ. ಉಯಿಲು ಇಲ್ಲದಿದ್ದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಸಹಿ ಬೇಕು. ಒಬ್ಬ ಅಕ್ಕನ ಸಹಿ ತಪ್ಪಿದರೂ ಮುಂದೆ ಸಿನಿಮಾಕ್ಕೆ ತಡೆಯಾಜ್ಞೆ ತರಲು ಅಷ್ಟು ಸಾಕಾಗಬಹುದು.

ಸಿನಿಮಾದಲ್ಲಿ ಕಥೆಯನ್ನೇ ತಿರುಚಿದರೆ?

ಬದಲಾವಣೆ ಇದ್ದೇ ಇರುತ್ತದೆ, ಇರಬೇಕು ಕೂಡ. ಆದರೆ ಹಕ್ಕು ಮಾರಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವುದು, ತನ್ನ ಗೌರವಕ್ಕೆ ಕುಂದು ತರುವಂಥ ವಿರೂಪವನ್ನು ಪ್ರಶ್ನಿಸುವುದು 57ನೇ ಕಲಂನಂತೆ ಲೇಖಕರಲ್ಲೇ ಉಳಿಯುತ್ತದೆ. ಕೋರ್ಟಿಗಿಂತ ಮೊದಲಿನ ದಾರಿಯೇ ಒಳ್ಳೆಯದು: ಬದಲಾಗಬಾರದ ಎರಡು ಮೂರು ಸಂಗತಿಗಳನ್ನು, ಉದಾಹರಣೆಗೆ ಒಂದು ಪಾತ್ರದ ಜಾತಿಯನ್ನೋ ಕೊನೆಯನ್ನೋ, ಒಪ್ಪಂದದಲ್ಲೇ ಪಟ್ಟಿ ಮಾಡಿ.

ಶೀರ್ಷಿಕೆಯನ್ನು ನಾನೇ ನೋಂದಾಯಿಸಬೇಕೇ?

ಸಿನಿಮಾದ ಶೀರ್ಷಿಕೆಯನ್ನು ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸುವುದು ನಿರ್ಮಾಪಕರ ಕೆಲಸ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ.

ಕೊಟ್ಟ ಹಣದಲ್ಲಿ ಶೇ. 10 ಕಡಿಮೆ ಬಂದಿದೆ. ಯಾಕೆ?

ಅದು ಟಿಡಿಎಸ್, ಅಂದರೆ ಹಣ ಕೊಡುವವರು ಮೊದಲೇ ಹಿಡಿದು ನಿಮ್ಮ ಪರವಾಗಿ ಕಟ್ಟುವ ಆದಾಯ ತೆರಿಗೆ. ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ ಎಂದು ಆದಾಯ ತೆರಿಗೆಯ ಜಾಲತಾಣದಲ್ಲಿ ನೋಡಿ. ಹಿಡಿದು ಕಟ್ಟದೆ ಇರುವವರೂ ಇದ್ದಾರೆ, ಪ್ರಮಾಣಪತ್ರ ಕೇಳಿ ಪಡೆಯಿರಿ. ರಿಟರ್ನ್ ಸಲ್ಲಿಸಿದರೆ, ತೆರಿಗೆ ಬೀಳದಷ್ಟು ಆದಾಯವಿದ್ದಲ್ಲಿ ಪೂರ್ತಿ ವಾಪಸ್ ಬರುತ್ತದೆ.

ಕಥೆ ಹೇಳಲು ಬೆಂಗಳೂರಿಗೆ ಹೋಗುವಾಗ ಹೇಗೆ ಸಿದ್ಧವಾಗಬೇಕು?

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಅನುಕೂಲ, ರಾಯಚೂರಿನವರಿಗೆ ಮುಂಬೈ ಕಡೆಯಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಇದೆ. ಒಂದೇ ಭೇಟಿಗೆ ಹೋಗಬೇಡಿ, ಎರಡು ದಿನದಲ್ಲಿ ಮೂರ್ನಾಲ್ಕು ಭೇಟಿ ಗೊತ್ತುಮಾಡಿಕೊಂಡು ಹೊರಡಿ, ಏಕೆಂದರೆ ಒಂದಾದರೂ ತಪ್ಪುತ್ತದೆ. ಕಥೆಯನ್ನು ಮೂರು ಅಳತೆಯಲ್ಲಿ ಸಿದ್ಧಮಾಡಿ: ಲಿಫ್ಟಿನಲ್ಲಿ ಸಿಕ್ಕರೆ ಒಂದು ನಿಮಿಷ, ಕಾಫಿಗೆ ಕೂತರೆ ಹತ್ತು ನಿಮಿಷ, ಪೂರ್ತಿ ಕೇಳುತ್ತೇವೆಂದರೆ ಒಂದೂವರೆ ಗಂಟೆ. ಮೂರನ್ನೂ ಮನೆಯಲ್ಲಿ ಸಾಹಿತ್ಯದ ಗಂಧವಿಲ್ಲದ ಒಬ್ಬರಿಗೆ ಹೇಳಿ ನೋಡಿ. ಅವರು ಎಲ್ಲಿ ಮೊಬೈಲ್ ನೋಡಿದರೋ ಅಲ್ಲಿ ಕಥೆ ಸಡಿಲವಾಗಿದೆ. ಚೀಲದಲ್ಲಿ ಕಾದಂಬರಿಯ ಎರಡು ಪ್ರತಿ, ಕಥಾಸಾರದ ಐದು ಪ್ರತಿ, ನೋಂದಣಿಯ ಡೈರಿ ಸಂಖ್ಯೆಯ ನಕಲು ಇರಲಿ. ಪೂರ್ತಿ ಚಿತ್ರಕಥೆಯನ್ನು ಮೊದಲ ಭೇಟಿಯಲ್ಲಿ ಬಿಟ್ಟು ಬರಬೇಡಿ. ಅದನ್ನು ಮುಂಗಡ ಬಂದ ಮೇಲೆ, ಪ್ರತಿ ಪುಟದ ಅಡಿಯಲ್ಲಿ ನಿಮ್ಮ ಹೆಸರು ಮತ್ತು ತಾರೀಕು ಹಾಕಿ ಕಳಿಸಿ.